ಗಂಟು ತೆಗೆದ ಕೂಡಲೇ ಫಾರ್ಮಾಲಿನ್ ಬಾಟಲಿಗೆ ಹಾಕಬೇಡಿ

ಕುತ್ತಿಗೆಯ ಗಂಟು, ಅಂದರೆ ಊದಿದ ದುಗ್ಧಗ್ರಂಥಿ, ತೆಗೆದು ಇಡಿಯಾಗಿ ಫಾರ್ಮಾಲಿನ್‌ನಲ್ಲಿ ಮುಳುಗಿಸುತ್ತಾರೆ, ಆಮೇಲೆ ‘ಟಿ ಕೋಶಗಳ ಫ್ಲೋ ಸೈಟೊಮೆಟ್ರಿ ಮಾಡಿ’ ಎಂದು ಚೀಟಿ ಬರೆಯುತ್ತಾರೆ. ಕಾರವಾರದಲ್ಲಿ ಕೂತು ಇದನ್ನು ನೋಡಿ ನೋಡಿ ಸಾಕಾಗಿದೆ. ಫ್ಲೋ ಅಂದರೆ ಟಿ ಕೋಶದಂಥ ಬಿಳಿ ರಕ್ತಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿಸಿ ಅವುಗಳ ಗುರುತು ನೋಡುವ ಪರೀಕ್ಷೆ. ಅದಕ್ಕೆ ಜೀವಂತ ಕೋಶ ಬೇಕು, ಫಾರ್ಮಾಲಿನ್ ಕೋಶವನ್ನು ಕೊಲ್ಲುತ್ತದೆ, ಅಲ್ವಾ?

ಮೊದಲು ಲ್ಯಾಬಿಗೆ ಫೋನ್ ಮಾಡಿ. ಇಲ್ಲದಿದ್ದರೆ ಶನಿವಾರ ಸಂಜೆ ತೆಗೆದ ಗಂಟು ಭಾನುವಾರವಿಡೀ ಸುಮ್ನೆ ಕೂತಿರುತ್ತದೆ.

ಎಡವುವುದು ಹೋಳು ಮಾಡುವಾಗ. ಗಂಟನ್ನು ಒಣ ಬಟ್ಟೆಯ ಮೇಲೆ ಇಡಬೇಡಿ, ಬಟ್ಟೆ ತೇವ ಹೀರುತ್ತದೆ. ಫೋರ್‌ಸೆಪ್ಸ್‌ನಲ್ಲಿ ಗಂಟನ್ನೇ ಹಿಂಡಿ ಹಿಡಿದರೆ ಕೋಶ ನಜ್ಜುಗುಜ್ಜು. ಸುತ್ತಲಿನ ಕೊಬ್ಬು ಹಿಡಿದು ಎತ್ತಿ. ಹೊಸ ಬ್ಲೇಡಿನಲ್ಲಿ 2-3 ಮಿ.ಮೀ. ದಪ್ಪಕ್ಕೆ ಕತ್ತರಿಸಿ. ಕತ್ತರಿಸಿದ ಮುಖವನ್ನು ಸ್ಲೈಡಿಗೆ ಮೆಲ್ಲಗೆ ಮುಟ್ಟಿಸಿ, ಉಜ್ಜಬೇಡಿ. ಒಂದು ಹೋಳು ಆರ್‌ಪಿಎಂಐ ದ್ರಾವಣಕ್ಕೆ (ಕೋಶಗಳನ್ನು ಜೀವಂತವಾಗಿಡುವ ಪೋಷಕ ದ್ರವ), ಇದು ಫ್ಲೋಗೆ. ಒಂದು ಚೂರು ಸಲೈನಿನಲ್ಲಿ ಟಿಬಿ ಪರೀಕ್ಷೆಗೆ, ನಮ್ಮ ಕಡೆ ಅದನ್ನು ಮರೆಯುವಂತೆಯೇ ಇಲ್ಲ. ಉಳಿದದ್ದು ಅದರ ಗಾತ್ರದ 10 ಪಟ್ಟು ಫಾರ್ಮಾಲಿನ್‌ಗೆ. ನಲ್ಲಿ ನೀರು ಮಾತ್ರ ಯಾವುದಕ್ಕೂ ಬೇಡ, ಕೋಶ ಉಬ್ಬಿ ಒಡೆಯುತ್ತದೆ.

ಪ್ಯಾಕಿಂಗ್‌ನಲ್ಲಿ ಬೈತಖೋಲದ ಮೀನಿನ ಪೆಟ್ಟಿಗೆ ನೆನಪು ಮಾಡಿಕೊಳ್ಳಬೇಡಿ. ಒಮ್ಮೆ ಒಬ್ಬರು ಆಗಷ್ಟೇ ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕಿಗೆ ಬಾಟಲಿಯನ್ನು ಅಂಟಿಸಿ ಕಳಿಸಿದ್ದರು. ಮುಚ್ಚಳ ತೆಗೆದರೆ ಒಳಗೆ ಮಂಜುಗಡ್ಡೆ! ನಡುವೆ ದಪ್ಪ ಕಾಗದ ಇಡಿ. 4 ಡಿಗ್ರಿ ಆಸುಪಾಸು ಸಾಕು. 24 ಗಂಟೆಯೊಳಗೆ ತಲುಪಲಿ, ಅರಬೈಲ್ ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೂ ಸಮಯ ಉಳಿಯುವ ಹಾಗೆ ಬಸ್ ಆರಿಸಿ.

ಇನ್ನು ರಿಪೋರ್ಟ್. ಅದರಲ್ಲಿ ಬರುವ ಸಿಡಿ ಸಂಖ್ಯೆಗಳು ಕೋಶದ ಪ್ರೋಟೀನ್ ಗುರುತುಗಳ ಹೆಸರು. ಒಳ್ಳೆಯ, ಅಂದರೆ ಕ್ಯಾನ್ಸರ್ ಅಲ್ಲದ, ಟಿ ಕೋಶಗಳಲ್ಲಿ ಸಿಡಿ2, ಸಿಡಿ3, ಸಿಡಿ5 ಗಟ್ಟಿಯಾಗಿ ಉಳಿದಿರುತ್ತವೆ, ಸಿಡಿ7 ಮಾತ್ರ ಕೆಲವದರಲ್ಲಿ ಮಸುಕಾಗಿರಬಹುದು. ಸಾಮಾನ್ಯವಾಗಿ ಸಿಡಿ4 ಇರುವ ಕೋಶ ಜಾಸ್ತಿ, ಸಿಡಿ8 ಇರುವವು ಕಡಿಮೆ. ಎಪ್‌ಸ್ಟೀನ್-ಬಾರ್ ವೈರಸ್ ಜ್ವರದಲ್ಲಿ ಇದು ಉಲ್ಟಾ ಆಗಬಹುದು. ಈ ಅನುಪಾತ ಒಂದನ್ನೇ ಹಿಡಿದು ರೋಗಿಯ ಮನೆಯವರಿಗೆ ಕ್ಯಾನ್ಸರ್ ಅನ್ನಬೇಡಿ.

ಕೆಲವರು ನನ್ನ ಮಾತು ಕೇಳಿ ಗಂಟನ್ನು ಪೂರ್ತಿ ಆರ್‌ಪಿಎಂಐಗೇ ಹಾಕಿಬಿಡುತ್ತಾರೆ. ಅದೂ ತಪ್ಪು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ಗಂಟಿನಲ್ಲಿ ತುಂಬಿರುವುದು ಬಹುಪಾಲು ನಿರುಪದ್ರವಿ ಕೋಶಗಳೇ, ಕೆಟ್ಟ ಕೋಶ ಅಲ್ಲೊಂದು ಇಲ್ಲೊಂದು. ಫ್ಲೋ ರಿಪೋರ್ಟ್ ಏನೂ ಇಲ್ಲ ಅಂದಾಗಲೂ ಅದನ್ನು ಹಿಡಿಯುವುದು ಫಾರ್ಮಾಲಿನ್‌ಗೆ ಹಾಕಿದ ಆ ಹೋಳೇ.