ರಾತ್ರಿ ಇವರು ಎಲ್ಲಿರುತ್ತಾರೆ?

ಹೌಸ್ ಸರ್ಜನ್ಸಿ ಮುಗಿದ ಮೇಲೆ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದಲು ಕುಳಿತರು. ನಾನು 2016ರ ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೋಗಿ, ಅಲ್ಲಿನ ಒಬ್ಬ ಹಿರಿಯ ಕುಟುಂಬ ವೈದ್ಯರ ಕೈಕೆಳಗೆ ಸುಮಾರು ಎರಡು ವರ್ಷ ಕೆಲಸ ಕಲಿತೆ. ಅವರ ಕ್ಲಿನಿಕ್ ಎಂದರೆ ಎರಡು ಕೋಣೆ, ಒಂದು ಪರೀಕ್ಷೆಯ ಮಂಚ, ಔಷಧಿ ಕಟ್ಟಿಕೊಡುವ ಒಬ್ಬ ಕಾಂಪೌಂಡರ್ ಮತ್ತು ಜಗಲಿಯಲ್ಲಿ ಎರಡು ಉದ್ದನೆಯ ಬೆಂಚುಗಳು, ಅಷ್ಟೆ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬರುವ ರೋಗಿಯನ್ನು ಅದಾಗಲೇ ಯಾರೋ ಒಬ್ಬರು ಜರಡಿ ಹಿಡಿದು ಕಳುಹಿಸಿರುತ್ತಾರೆ ಎಂಬುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಅಲ್ಲಿ ಜ್ವರ ಎಂದರೆ ಹತ್ತು ದಿನ ಇಳಿಯದ ಜ್ವರ. ಇಲ್ಲಿ ಜ್ವರ ಎಂದರೆ ನಿನ್ನೆ ಸಂಜೆ ಶುರುವಾದದ್ದು, ಅದರ ಗುರುತು ಚಹರೆ ಇನ್ನೂ ಮೂಡಿರುವುದಿಲ್ಲ. ಜರಡಿ ಹಿಡಿಯುವ ಕೆಲಸ ಈಗ ನನ್ನದಾಗಿತ್ತು, ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ಮೊದಲ ವಾರ ನಾನು ಪ್ರತಿ ರೋಗಿಗೂ ಕಾಯಿಲೆಯ ಹೆಸರು ಹುಡುಕುತ್ತಿದ್ದೆ. ಸಿಕ್ಕಿದಾಗ ಹೆಮ್ಮೆಯಿಂದ ಸರ್‌ಗೆ ಒಪ್ಪಿಸುತ್ತಿದ್ದೆ. ಅವರು ತಲೆಯಾಡಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸರಿ ಮಾರಾಯ, ರಾತ್ರಿ ಇವರು ಎಲ್ಲಿರ್ತಾರೆ?"

ಆ ಪ್ರಶ್ನೆಗೆ ಸಾಗರದಲ್ಲಿ ಬೇರೆ ಊರುಗಳಿಗಿಲ್ಲದ ತೂಕವಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ, ಬ್ಯಾಕೋಡು ಕಡೆಯ ಊರುಗಳನ್ನು ತಾಲ್ಲೂಕು ಕೇಂದ್ರದಿಂದ ಬೇರ್ಪಡಿಸಿತ್ತು. ಅಲ್ಲಿಯವರು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟಿ, ಬಸ್ಸು ಹಿಡಿದು ಪೇಟೆಗೆ ಬರಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋದರೆ ಬೆಳಗಿನವರೆಗೆ ಈಚೆ ದಡದಲ್ಲಿದ್ದವರು ಈಚೆಗೆ, ಆಚೆ ದಡದಲ್ಲಿದ್ದವರು ಆಚೆಗೆ. ಹೀಗಾಗಿ ಒಂದೇ ಹೊಟ್ಟೆನೋವಿಗೆ ಪೇಟೆಯವರಿಗೆ ಒಂದು ನಿರ್ಧಾರ, ತುಮರಿಯವರಿಗೆ ಇನ್ನೊಂದು ನಿರ್ಧಾರ ಆಗುವುದನ್ನು ಕಂಡು ನನಗೆ ಆರಂಭದಲ್ಲಿ ಇದು ಶಾಸ್ತ್ರಕ್ಕೆ ವಿರುದ್ಧ ಎನ್ನಿಸಿತ್ತು.

ವಾಂತಿಭೇದಿಯಾದ ಮಗುವನ್ನು ಅವರು ಹೇಗೆ ನೋಡುತ್ತಿದ್ದರು ಎಂಬುದರಿಂದ ಆ ಸಂಶಯ ಕರಗಿತು. ಕಣ್ಣು ಗುಳಿಬಿದ್ದಿದೆಯೇ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ತಕ್ಷಣ ಸಮವಾಗುತ್ತದೆಯೇ ಎಂದು ನೋಡಿದ ಮೇಲೆ, ಅವರು ಔಷಧಿ ಬರೆಯದೆ ತಾಯಿಯ ಕೈಗೆ ಓ.ಆರ್.ಎಸ್. ಬೆರೆಸಿದ ಲೋಟ ಮತ್ತು ಚಮಚ ಕೊಟ್ಟು ಜಗಲಿಯ ಬೆಂಚಿಗೆ ಕಳುಹಿಸುತ್ತಿದ್ದರು. ಒಂದೆರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ನಾನು ಬೇರೆ ರೋಗಿಗಳನ್ನು ನೋಡುತ್ತಲೇ ಆಗಾಗ ಹೊರಗೆ ಇಣುಕಬೇಕಿತ್ತು. ಮಗು ಚಮಚಕ್ಕೆ ತಾನೇ ಬಾಯಿ ಚಾಚುತ್ತಿದೆಯೇ, ಉಚ್ಚೆ ಹೊಯ್ದಿತೇ ಎಂಬ ಎರಡು ಸಂಗತಿಗಳ ಮೇಲೆ ಮುಂದಿನದು ನಿಂತಿತ್ತು. ಎರಡಕ್ಕೂ ಉತ್ತರ ಚೆನ್ನಾಗಿದ್ದರೆ ಪೊಟ್ಟಣಗಳನ್ನು ಕೊಟ್ಟು ಮನೆಗೆ, ಅರೆಮನಸ್ಸಾಗಿದ್ದರೆ "ಪೇಟೇಲಿ ನೆಂಟರಿದಾರಾ ತಾಯೀ?" ಎಂಬ ವಿಚಾರಣೆ, ಮಗು ಮಂಕಾಗಿ ಕುಡಿಯದೇ ಹೋದರೆ ಆಗಲೇ ಆಸ್ಪತ್ರೆಗೆ. ಒಂದು ಗಂಟೆಯ ಬೆಂಚು ನನಗೆ ಯಾವ ರಕ್ತಪರೀಕ್ಷೆಗಿಂತಲೂ ಹೆಚ್ಚು ತಿಳಿಸಿಕೊಟ್ಟಿದೆ.

ಜ್ವರದ ವಿಷಯ ಇಷ್ಟು ಸುಲಭವಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ, ಅದರ ವೈರಾಣುವಿಗೂ ಆ ಕಾಡಿನದೇ ಹೆಸರು. ಅದು ಹರಡುವುದು ಕಾಡಿನ ಉಣುಗು, ಅಂದರೆ ಉಣ್ಣೆ, ಕಚ್ಚುವುದರಿಂದ. ಮಳೆ ನಿಂತು ಚಳಿ ಕಾಲಿಟ್ಟಲ್ಲಿಂದ ಮುಂದಿನ ಮಳೆಯವರೆಗೆ ಬರುವ ಪ್ರತಿಯೊಂದು ಜ್ವರಕ್ಕೂ ನಾವು ಕೇಳಬೇಕಾದ ಪ್ರಶ್ನೆಗಳಿದ್ದವು: ಕಾಡಿಗೆ ದರಗು (ಒಣ ಎಲೆ) ಗುಡಿಸಲು ಹೋಗಿದ್ದಿರಾ, ಮೈಮೇಲೆ ಉಣುಗು ಕಂಡಿತ್ತೇ, ನಿಮ್ಮ ಕಡೆ ಮಂಗ ಸತ್ತ ಸುದ್ದಿ ಇದೆಯೇ? ಮೈ ಸುಡುತ್ತಿದ್ದರೂ ನಾಡಿ ಅದಕ್ಕೆ ತಕ್ಕಷ್ಟು ಓಡದಿರುವುದು, ಕಣ್ಣು ಕೆಂಪಾಗಿರುವುದು, ಸೊಂಟ ಮತ್ತು ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಇವು ಕಂಡರೆ ಶಿವಮೊಗ್ಗದ ಪ್ರಯೋಗಾಲಯಕ್ಕೆ ರಕ್ತ ಕಳುಹಿಸುವ ವ್ಯವಸ್ಥೆ ಮಾಡುತ್ತಿದ್ದೆವು. ಈ ಕಾಯಿಲೆಗೆಂದೇ ಇರುವ ಔಷಧಿ ಇಲ್ಲ. ಆದರೆ ಮಾಡಬಾರದ್ದು ಇದೆ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಗುಳಿಗೆ ಕೊಡಬಾರದು, ಸ್ನಾಯುವಿಗೆ ಚುಚ್ಚುಮದ್ದು ಹಾಕಬಾರದು.

ಅಲ್ಲೇ ತೊಡಕು. "ಸೂಜಿ ಹಾಕದಿಲ್ವ ಡಾಕ್ಟ್ರೇ?" ಎಂದು ಕೇಳದ ಜ್ವರದ ರೋಗಿ ಅಪರೂಪ, ಹಾಕದೆ ಕಳುಹಿಸಿದರೆ ಅವರು ನೇರವಾಗಿ ಹಾಕುವವರನ್ನು ಹುಡುಕಿಕೊಂಡು ಹೋಗುತ್ತಾರೆ. ನಾನು ವಾದಿಸಿ ಸೋಲುತ್ತಿದ್ದೆ. ಸರ್ ವಾದಿಸುತ್ತಿರಲಿಲ್ಲ. ನಾಡಿ ಹಿಡಿದ ಕೈಯನ್ನು ಬಿಡದೆಯೇ, "ಈ ಜ್ವರಕ್ಕೆ ಸೂಜಿ ಹಾಕಿದ್ರೆ ಒಳಗೆ ರಕ್ತ ಕಟ್ಟತ್ತೆ, ನಾನು ನಿಮಗೆ ಹಾಕೋದಿಲ್ಲ, ಬೇರೆಯವರು ಹಾಕ್ತೀನಿ ಅಂದ್ರೂ ಹಾಕಿಸ್ಕೋಬೇಡಿ" ಎಂದು ಹೇಳಿ, ಆಮೇಲೆ ಕೈ ಬಿಡುತ್ತಿದ್ದರು. ಜ್ವರ ಇಳಿದು ಒಂದೆರಡು ವಾರದ ನಂತರ ಕೆಲವರಿಗೆ ತಲೆನೋವು, ಕುತ್ತಿಗೆಯ ಬಿಗಿತದೊಂದಿಗೆ ಅದು ಮರುಕಳಿಸುವುದುಂಟು. ಆದ್ದರಿಂದ ಅವರ ದಪ್ಪ ಪುಸ್ತಕದಲ್ಲಿ ರೋಗಿಯ ಹೆಸರಿನ ಎದುರು ಮತ್ತೆ ಬರಬೇಕಾದ ದಿನಾಂಕವನ್ನು ಬರೆಯದೆ ಪುಟ ತಿರುವುವಂತಿರಲಿಲ್ಲ.

ನನ್ನ ದೊಡ್ಡ ತಪ್ಪು ಜ್ವರದಲ್ಲಿ ಅಲ್ಲ, ಸಕ್ಕರೆ ಕಾಯಿಲೆಯಲ್ಲಿ ಆಯಿತು. ಎಪ್ಪತ್ತು ದಾಟಿದ ಒಬ್ಬ ಅಜ್ಜನ ರಕ್ತದ ಸಕ್ಕರೆ ಹೆಚ್ಚಿತ್ತು. "ದೊಡ್ಡ ಆಸ್ಪತ್ರೆ ಗುಳಿಗೆ ತಗೋತಿದೀನಿ" ಎಂದು ಅವರು ಹೇಳಿದ್ದನ್ನು ನಾನು ಬಿ.ಪಿ.ಯ ಗುಳಿಗೆ ಎಂದುಕೊಂಡು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಬರೆದೆ. ಅವರು ಅದಾಗಲೇ ಬೇರೆ ಕಂಪನಿಯ ಹೆಸರಿನಲ್ಲಿ ಅದನ್ನೇ ನುಂಗುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಮಗ ಅವರನ್ನು ಆಟೋದಲ್ಲಿ ಕರೆತಂದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮಾತು ತೊದಲುತ್ತಿತ್ತು, ಗ್ಲುಕೋಮೀಟರ್ 38 ತೋರಿಸಿತು, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಶೇಕಡಾ 25ರ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) 100 ಮಿ.ಲೀ. ರಕ್ತನಾಳಕ್ಕೆ ಹೋಗುತ್ತಿದ್ದಂತೆ ಅಜ್ಜ ಕಣ್ಣು ಬಿಟ್ಟು, "ನನ್ನ ಕೊಡೆ ಎಲ್ಲಿ?" ಎಂದು ಕೇಳಿದರು. ನಾನು ಉಸಿರು ಬಿಟ್ಟೆ, ಇನ್ನು ಮನೆಗೆ ಕಳುಹಿಸಬಹುದು ಎಂದೆ. ಸರ್ ಅದೇ ಪ್ರಶ್ನೆ ಕೇಳಿದರು. ನುಂಗಿದ ಗುಳಿಗೆ ಈ ವಯಸ್ಸಿನವರ ಮೈಯಲ್ಲಿ ಒಂದು ದಿನವಾದರೂ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ಮತ್ತೆ ಕುಸಿಯಬಹುದು ಎಂಬುದನ್ನು ನಾನು ಓದಿದ್ದೆ, ಆ ಗಳಿಗೆಯಲ್ಲಿ ಮಾತ್ರ ಹೊಳೆಯಲಿಲ್ಲ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದೆವು. ಸಂಜೆ ಅದು ಮತ್ತೆ ಕುಸಿಯಿತು.

ಬೈಗುಳಕ್ಕೆ ಸಿದ್ಧನಾಗಿಯೇ ಮರುದಿನ ಹೋದೆ. ನನ್ನ ಮೇಜಿನ ಮೇಲೆ ಒಂದು ಸ್ಟೀಲಿನ ಹರಿವಾಣ ಇತ್ತು. "ಬಂದವರ ಚೀಲ ಇದಕ್ಕೆ ಸುರಿಸು" ಎಂದರು, ಅಷ್ಟೇ. ಅಂದಿನಿಂದ ಆ ಹರಿವಾಣದಲ್ಲಿ ನಾನು ಏನೆಲ್ಲ ಕಂಡಿಲ್ಲ: ಒಂದೇ ಗುಳಿಗೆಯ ಎರಡು ಬ್ರ್ಯಾಂಡು, ವರ್ಷದ ಹಿಂದೆ ಸತ್ತ ಗಂಡನ ಬಿ.ಪಿ. ಮಾತ್ರೆ, ಅಂಗಡಿಯಿಂದ ತಂದ ನೋವಿನ ಗುಳಿಗೆ, ಲೇಹ್ಯದ ಡಬ್ಬಿ, ಮಧ್ಯೆ ಎರಡು ಹೋಳು ಅಡಿಕೆ. ಹೆಸರಿಲ್ಲದ ಕಾಗದದ ಪೊಟ್ಟಣಗಳೂ ಇರುತ್ತಿದ್ದವು, ಅವುಗಳಲ್ಲಿ ಬಹುಪಾಲು ನಮ್ಮ ಕ್ಲಿನಿಕ್ಕಿನವೇ. ಹಳೆಯ ಕಾಲದ ಆ ರೂಢಿ ಸರಿಯಲ್ಲ ಎಂದು ನಾನು ಅಳುಕುತ್ತಲೇ ಹೇಳಿದೆ. ಕಾಂಪೌಂಡರ್‌ಗೆ ಸಿಟ್ಟು ಬಂತು, ಸರ್ ಎರಡು ದಿನ ಏನೂ ಹೇಳಲಿಲ್ಲ, ಮೂರನೆಯ ದಿನದಿಂದ ಪೊಟ್ಟಣದ ಮೇಲೆ ಔಷಧಿಯ ಹೆಸರು ಬರೆಯುವುದು ಶುರುವಾಯಿತು.

ನಾನು ಅಲ್ಲಿಂದ ಹೊರಟ ಕೆಲವೇ ತಿಂಗಳಲ್ಲಿ, 2018ರ ಕೊನೆಗೆ, ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಉಲ್ಬಣಿಸಿ ಸಾವುಗಳಾದವು. ಫೋನ್ ಮಾಡಿದಾಗ ಸರ್ ಪುಸ್ತಕದ ದಿನಾಂಕಗಳನ್ನು ಹಿಡಿದು, ಬರಬೇಕಾಗಿದ್ದು ಬಾರದವರ ಮನೆಗಳಿಗೆ ಹೇಳಿಕಳುಹಿಸುತ್ತಿದ್ದರು. 2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆಯಾಯಿತು, ಕೊನೆಯ ಲಾಂಚಿನ ಲೆಕ್ಕ ಈಗ ಇಲ್ಲ. ಈಗ ನನ್ನದೇ ಕ್ಲಿನಿಕ್ ಇರುವ ಊರಿನಲ್ಲಿ ಹೊಳೆಯೂ ಇಲ್ಲ. ಮೇಜಿನ ಮೇಲೆ ಹರಿವಾಣ ಇದೆ. ಹೋದ ವಾರ ಒಬ್ಬಂಟಿ ಅಜ್ಜಿಯೊಬ್ಬರಿಗೆ, ರಾತ್ರಿ ಎಲ್ಲಿರ್ತೀರಿ ಎಂದು ಕೇಳಿದ್ದಕ್ಕೆ, "ಇನ್ನೆಲ್ಲಿ, ಮನೇಲೇ" ಎಂದು ನಕ್ಕರು. ಪಕ್ಕದ ಮನೆಯವರ ಫೋನ್ ನಂಬರ್ ಬರೆದುಕೊಂಡು ಕಳುಹಿಸಿದೆ.