ಖಾಸಗಿತನದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದ ಬಗೆ

ಇಂಗ್ಲಿಷ್ ಪ್ರಶ್ನಾವಳಿ ಕೈಗೆತ್ತಿಕೊಂಡಾಗ ಮೊದಲು ತೊಡಕಾಗುವುದು 'ಪ್ರೈವಸಿ' ಎಂಬ ಪದವೇ. 'ಖಾಸಗಿತನ' ಪತ್ರಿಕೆಯ ಮಾತು. 'ಗೌಪ್ಯತೆ' ಅಂದರೆ ಗುಟ್ಟು ಎಂದುಕೊಂಡು "ನಮ್ದೇನು ಗುಟ್ಟಿದೆ ಸ್ವಾಮಿ?" ಎನ್ನುತ್ತಾರೆ. ಈ ಉತ್ತರವನ್ನು 'ಕಾಳಜಿ ಇಲ್ಲ' ಎಂದು ಬರೆದುಕೊಂಡರೆ ಸಮೀಕ್ಷೆ ಅಲ್ಲಿಗೇ ಹಾಳು. ಹಾಗಾಗಿ ಎರಡೂ ಪದಗಳನ್ನು ಕೈಬಿಟ್ಟು ನಡವಳಿಕೆಯನ್ನೇ ಕೇಳಿದೆ: ಫೋನ್ ರಿಪೇರಿಗೆ ಕೊಡುವಾಗ ಲಾಕ್ ನಂಬರನ್ನೂ ಹೇಳಿ ಬರುತ್ತೀರಾ? ಆಧಾರ್ ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆಯುತ್ತೀರಾ? ಒಟಿಪಿ ಬಂದರೆ ಮನೆಯಲ್ಲಿ ಓದಿ ಹೇಳುವವರು ಯಾರು? 'ನಿಮ್ಮ ಫೋನ್' ಅನ್ನುವುದೂ ಅಪಾಯ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ 'ನೀವು ಬಳಸುವ ಫೋನ್' ಎನ್ನಬೇಕು. ಗಂಡ ಪಕ್ಕದಲ್ಲಿ ಕೂತಿದ್ದರೆ ಹೆಂಡತಿಯ ಉತ್ತರ ಬೇರೆಯಾಗುತ್ತದೆ, ಅದನ್ನು ಒಬ್ಬರೇ ಇದ್ದಾಗ ಕೇಳಬೇಕು.

ಇಬ್ಬರು ಬೇರೆ ಬೇರೆ ಕೂತು ಅನುವಾದಿಸಬೇಕು. ಎರಡನ್ನೂ ಹೊಂದಿಸಿದ ಮೇಲೆ, ಮೂಲ ನೋಡದ ಮೂರನೆಯವರು ಮರಳಿ ಇಂಗ್ಲಿಷಿಗೆ ತರಬೇಕು. ಆಮೇಲೆ ಎಂಟು ಹತ್ತು ಜನರಿಗೆ ಓದಿ ಹೇಳಿ, "ಈ ಪ್ರಶ್ನೆ ಏನು ಕೇಳ್ತಿದೆ ಅನಿಸ್ತು?" ಎಂದು ವಿಚಾರಿಸಬೇಕು. ತಪ್ಪುಗಳಲ್ಲಿ ಹೆಚ್ಚಿನವು ಹೊರಬೀಳುವುದು ಇಲ್ಲೇ. ಮುಖ್ಯವಾಗಿ ನಕಾರದ ಪ್ರಶ್ನೆಗಳು: "ಲಾಕ್ ಹಾಕಿಲ್ವಾ?" ಅಂದರೆ ನಮ್ಮವರು "ಹೌದು" ಎನ್ನುತ್ತಾರೆ, ಅದರರ್ಥ ಹಾಕಿಲ್ಲ ಎಂದು. ಉತ್ತರಗಳನ್ನು ಇಂಗ್ಲಿಷ್‌ನಲ್ಲಿ ವಿಂಗಡಿಸಿ ಗುರುತು ಹಾಕುವಾಗ (ಕೋಡಿಂಗ್) ಅದೇ 'ಯೆಸ್' ಆಗಿ, ಹಾಕಿದವರ ಲೆಕ್ಕಕ್ಕೆ ಸೇರುತ್ತದೆ. ಇಂಥ ಪ್ರಶ್ನೆಗಳನ್ನೆಲ್ಲ ತಿರುಗಿಸಿ ಬರೆಯಿರಿ. 'ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ' ಎಂಬ ನಡುವಿನ ಆಯ್ಕೆ ಬಾಯಲ್ಲಿ ಓದಿದರೆ ನಗೆಪಾಟಲು. ಪೂರ್ತಿ ಒಪ್ಪುವುದರಿಂದ ಸ್ವಲ್ಪವೂ ಒಪ್ಪದಿರುವವರೆಗೆ ನಾಲ್ಕೇ ಹಂತ ಇಟ್ಟು 'ಗೊತ್ತಿಲ್ಲ' ಬೇರೆ ಸೇರಿಸಿದ್ದೇ ಸರಿಹೋಯಿತು.

ಹೊರದೇಶದ ಅಂಕಿಗಳ ಪಕ್ಕ ನಮ್ಮದನ್ನು ಇಡುವಾಗ ಎಚ್ಚರ ಬೇಕು. ಖಾಸಗಿತನದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಅಲನ್ ವೆಸ್ಟಿನ್ ಜನರನ್ನು ಕಟ್ಟಾ ಕಾಳಜಿಯವರು, ಲಾಭನಷ್ಟ ತೂಗುವವರು, ತಲೆಕೆಡಿಸಿಕೊಳ್ಳದವರು ಎಂದು ಮೂರು ಪಾಲು ಮಾಡಿದ್ದರು. ಹಂಚಿಕೊಂಡ ಫೋನಿನ ಮನೆ ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. 2014ರಿಂದ ಇಪ್ಸೋಸ್ ಎಂಬ ಸಮೀಕ್ಷಾ ಸಂಸ್ಥೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಸಿದ ಅಂತರ್ಜಾಲ ಸುರಕ್ಷತೆಯ ಸಮೀಕ್ಷೆಗಳನ್ನೇ ನೋಡಿ. ಆನ್‌ಲೈನ್ ಪ್ಯಾನೆಲ್‌ನಲ್ಲಿ, ಅಂದರೆ ಸಮೀಕ್ಷೆಗೆ ಉತ್ತರಿಸಲು ಅಂತರ್ಜಾಲದಲ್ಲಿ ಹೆಸರು ಕೊಟ್ಟವರ ಪಟ್ಟಿಯಲ್ಲಿ, ಸಿಗುವ ಭಾರತೀಯರು ಹೆಚ್ಚಾಗಿ ಪೇಟೆಯ, ಓದಿದ ಜನ. ಜರ್ಮನಿಯ ಅಂಕಿಗೆ ಅದನ್ನು ನೇರ ಹೋಲಿಸಿ 'ಭಾರತೀಯರು ಹೀಗೆ' ಅನ್ನಲಾಗದು. ಕೇಳಿದ ಕಾಲವನ್ನೂ ಬರೆದಿಡಿ: ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಎಡ್ವರ್ಡ್ ಸ್ನೋಡನ್ 2013ರಲ್ಲಿ ಬಯಲು ಮಾಡುವ ಮೊದಲೋ ನಂತರವೋ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಮೊದಲೋ ನಂತರವೋ.

ಲಾಟರಿಯಂತೆ ಆರಿಸಿದ 1000 ಜನರ ಸಮೀಕ್ಷೆಯಲ್ಲಿ, ಸಿಕ್ಕ ಶೇಕಡಾವಾರು ಅಂಕಿ ನಿಜಕ್ಕಿಂತ ಆಚೀಚೆ ಆಗಬಹುದಾದ ಏರುಪೇರು ಸುಮಾರು 3 ಅಂಶ. ಅದರೊಳಗಿನ 250 ಹಳ್ಳಿ ಹೆಂಗಸರನ್ನಷ್ಟೇ ನೋಡಿದರೆ 6ಕ್ಕೆ ಏರುತ್ತದೆ. ವಾಟ್ಸಾಪಲ್ಲಿ ಫಾರ್ವರ್ಡ್ ಆದ ಗೂಗಲ್ ಫಾರ್ಮ್‌ಗಾದರೆ ಈ ಲೆಕ್ಕವೇ ಇಲ್ಲ, ಎಷ್ಟು ಸಾವಿರ ಉತ್ತರ ಬಂದರೂ. ಫಾರ್ಮ್ ಬಳಸುವುದೇ ಆದರೆ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಫೋನ್ ನಂಬರ್ ಮಾತ್ರ ಯಾವ ಕಾರಣಕ್ಕೂ ಬರೆಸಿಕೊಳ್ಳಬೇಡಿ: ಬರೆಸಿಕೊಂಡ ಮೇಲೆ ಸಿಗುವುದೆಲ್ಲ ಜಾಣ ಉತ್ತರಗಳೇ.