ಜೋಗಿಮಟ್ಟಿಯ ಬೆಟ್ಟದಲ್ಲಿ ಒಂದೇ ಲೆನ್ಸಿನ ಛಾಯಾಗ್ರಹಣ

ಚಿತ್ರದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿಗೆ ಬೆನ್ನಚೀಲ ಹೊತ್ತು ಫೋಟೊ ತೆಗೆಯಲೆಂದು ಹೊರಡುವವರು ಮೊದಲು ನೀರಿನ ಲೆಕ್ಕ ಹಾಕಬೇಕು. ಕ್ಯಾಮೆರಾದ ಲೆಕ್ಕ ಆಮೇಲೆ. ಬಯಲುಸೀಮೆಯ ಈ ಕುರುಚಲು ಕಾಡಿನಲ್ಲಿ ಮುಂಗಾರಿನ ಹೊತ್ತಿನಲ್ಲೂ ದಾರಿಯಲ್ಲಿ ಕುಡಿಯುವ ನೀರು ಸಿಕ್ಕೀತೆಂದು ನಂಬಿಕೊಂಡು ಹೋಗುವಂತಿಲ್ಲವಾದ್ದರಿಂದ, ನಾನು ಮೂರು ಲೀಟರ್ ನೀರು ಹೊತ್ತು, ಆ ಭಾರವನ್ನು ಸರಿದೂಗಿಸಲು ಟ್ರೈಪಾಡನ್ನೂ ದೊಡ್ಡ ಲೆನ್ಸನ್ನೂ ಮನೆಯಲ್ಲೇ ಬಿಡುತ್ತೇನೆ. ಉಳಿಯುವುದು ದೂರದ್ದನ್ನು ಹತ್ತಿರ ತರುವ 70–300 ಮಿ.ಮೀ. ಲೆನ್ಸ್ ಒಂದೇ. ಟ್ರೈಪಾಡಿನ ಬದಲಿಗೆ ಬಟ್ಟೆಯ ಚೀಲವೊಂದರಲ್ಲಿ ಶೇಂಗಾ ಬೀಜ ತುಂಬಿ ಬಾಯಿ ಕಟ್ಟಿಕೊಂಡಿರುತ್ತೇನೆ. ಬಂಡೆಯ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಹುದುಗಿಸಿದರೆ ಅಲುಗಾಡುವುದಿಲ್ಲ. ಸಿಪ್ಪೆ ಸಮೇತ ಕಾಯಿಯನ್ನೇ ತುಂಬಿದರೆ ಹಗುರವೇನೋ ಹೌದು, ಆದರೆ ಅದರ ಕರಕರ ಸದ್ದಿಗೆ ಒಂದು ಪ್ರಾಣಿಯೂ ನಿಲ್ಲದು. (ಇಳಿಯುವ ಹೊತ್ತಿಗೆ ಚೀಲ ಅರ್ಧ ಖಾಲಿಯಾಗಿರುತ್ತದೆ ಎಂಬುದನ್ನು ಶೇಂಗಾ ಬೆಳೆಯುವ ಚಳ್ಳಕೆರೆ ಕಡೆಯವರಿಗೆ ಹೇಳಬೇಕಾಗಿಲ್ಲ.)

ಜೋಗಿಮಟ್ಟಿ ವನ್ಯಜೀವಿ ಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ನಾನು ಡೇರೆ ಹಾಕುವುದಿಲ್ಲ. ಮೇಲಿರುವ ಇಲಾಖೆಯ ಅತಿಥಿಗೃಹದಲ್ಲಿ ತಂಗುತ್ತೇನೆ. ಕರಡಿ, ಚಿರತೆಗಳಿರುವ ಕಾಡಿನಲ್ಲಿ ನಸುಕಿಗೆ ಮುಂಚೆ ಕಾಲ್ನಡಿಗೆಯಲ್ಲಿ ತಿರುಗುವುದು ಧೈರ್ಯವಲ್ಲ, ಅವಿವೇಕ. ಮುಂಜಾನೆಯ ಭೂದೃಶ್ಯಗಳನ್ನೆಲ್ಲ ಆ ಕಟ್ಟಡದ ಆಸುಪಾಸಿನಿಂದಲೇ ತೆಗೆಯುತ್ತೇನೆ.

ಮುಂಗಾರಿನ ಮಂಜು ಕಣಿವೆಯಲ್ಲಿ ತುಂಬಿದಾಗ ಕ್ಯಾಮೆರಾ ಆ ಬಿಳುಪನ್ನು ಬೂದು ಮಾಡಿಬಿಡುತ್ತದೆ. ಆದ್ದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸುತ್ತೇನೆ, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು ಎರಡು ಪಟ್ಟು ಮಾಡುತ್ತೇನೆ. ಸಾಲುಬೆಟ್ಟಗಳ ಮೇಲಿನ ಗಾಳಿಯಂತ್ರಗಳನ್ನು ಚೌಕಟ್ಟಿನಿಂದ ಹೊರಗಿಡಲು ಅನೇಕರು ಒದ್ದಾಡುತ್ತಾರೆ. ಈಗಿನ ಚಿತ್ರದುರ್ಗದ ಬೆಟ್ಟಗಳಿರುವುದೇ ಹಾಗೆ ಎಂದು ನಾನು ಅವನ್ನು ಸೇರಿಸಿಕೊಂಡೇ ತೆಗೆಯುತ್ತೇನೆ. ಸೂರ್ಯ ಮೂಡುವ ಮುನ್ನ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಎಫ್/16 (ಲೆನ್ಸಿನ ಕಿರಿದಾದ ತೆರಪು) ಇಟ್ಟು ಅರ್ಧ ಸೆಕೆಂಡು ಷಟರ್ ತೆರೆದರೆ ರೆಕ್ಕೆಗಳು ತಿರುಗುತ್ತಿರುವಂತೆಯೇ ಮೂಡುತ್ತವೆ. ಷಟರಿನ ವೇಗ ಹೆಚ್ಚಿಸಿದರೆ ಮೊಳೆ ಹೊಡೆದಂತೆ ನಿಂತುಬಿಡುತ್ತವೆ.

ಬಿಸಿಲೇರಿ ಬಂಡೆ ಕಾದ ಮೇಲೆ ನನ್ನ ಮುಖ್ಯ ಕೆಲಸ ಬಂಡೆಯ ಓತಿಕ್ಯಾತದ್ದು. ಸಂತಾನಕಾಲದಲ್ಲಿ ಗಂಡಿನ ಮೈ ಕೆಂಪು, ಹಳದಿ, ಕಪ್ಪು ಬಣ್ಣಗಳಿಂದ ಹೊಳೆಯುತ್ತದೆ. ಎದುರಿಗಿರುವುದು ಹೆಣ್ಣೋ ಇನ್ನೊಂದು ಗಂಡೋ ಎಂಬುದರ ಮೇಲೆ ಆ ಬಣ್ಣ ನೋಡನೋಡುತ್ತಿದ್ದಂತೆ ಬದಲಾಗುವುದೂ ಉಂಟು. ಹೆಣ್ಣು ಬಂಡೆಯ ಬಣ್ಣದ್ದೇ ಆಗಿರುವುದರಿಂದ, ಗಂಡು ತಲೆ ಅಲ್ಲಾಡಿಸುತ್ತಿರುವ ದಿಕ್ಕನ್ನು ನೋಡಿ ಅದನ್ನು ಹುಡುಕಬೇಕು. ನಿಂತು ಮೇಲಿನಿಂದ ತೆಗೆದರೆ ಬೆನ್ನು ಮಾತ್ರ ಬರುತ್ತದೆ. ಬಂಡೆಯ ಮೇಲೆ ಬೋರಲು ಮಲಗಿ, ಗಂಡಿನ ಕಣ್ಣಿನ ಮಟ್ಟಕ್ಕೆ ಲೆನ್ಸ್ ತಂದು, ಅದು ತಲೆ ಅಲ್ಲಾಡಿಸುತ್ತಿರುವಾಗ ಮಾತ್ರ ಮೊಣಕೈ ಊರಿ ಮುಂದೆ ಸರಿದು, ಅದು ಮೈಯನ್ನು ಬಂಡೆಗೆ ಅಂಟಿಸಿದೊಡನೆ ನಾನೂ ನಿಲ್ಲುತ್ತೇನೆ. ಮುಂಗಾಲುಗಳ ಮೇಲೆ ಮೈಯೆತ್ತಿ ದಂಡ ಹೊಡೆಯುವಾಗ ಮೇಲ್ತುದಿಯಲ್ಲಿ ಅರೆಕ್ಷಣ ತಡೆಯುತ್ತದೆ. ಒತ್ತಬೇಕಾದದ್ದು ಆಗಲೇ, ಸೆಕೆಂಡಿನ 500ನೇ ಒಂದು ಭಾಗದ ವೇಗದಲ್ಲಿ. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ ಚಿತ್ರವನ್ನು ಅತಿಯಾಗಿ ಬೆಳಗಿಸಿ ಕೆಂಪಿನ ಹುರುಪೆಗಳ ವಿವರ ಅಳಿಸಿಹೋಗುವುದರಿಂದ ಎಕ್ಸ್‌ಪೋಷರನ್ನು ಇಲ್ಲಿ ಸ್ವಲ್ಪ ಇಳಿಸುವುದು ಒಳ್ಳೆಯದು.

ಗಂಡು ಒಮ್ಮೆ ಬಿರುಕಿಗೆ ಸರಿದರೆ ಅಲ್ಲಾಡದೆ ಕಾಯುತ್ತೇನೆ. ಇನ್ನೊಮ್ಮೆ ಸರಿದರೆ ಆ ಬಂಡೆಯನ್ನು ಬಿಟ್ಟು ಮುಂದೆ ಹೋಗುತ್ತೇನೆ, ಏಕೆಂದರೆ ಅದು ಅಡಗಿರುವಷ್ಟು ಹೊತ್ತು ಅದರ ಜಾಗಕ್ಕೆ ಬೇರೊಂದು ಗಂಡು ನುಗ್ಗಬಹುದು.